ಅಂಗಳದ ಬಸಿಗಾಲುವೆ ಕೆಲಸ ಕೆಟ್ಟಿರುವ ಬಗ್ಗೆ ದೂರು

24 ಜುಲೈ 2025

ಗೆ,
ವ್ಯವಸ್ಥಾಪಕರು,
ನಮ್ಮ ಅಂಗಳದ ಕೆಲಸ ವಹಿಸಿಕೊಂಡ ಸಂಸ್ಥೆ, ಕುಮಟಾ

ಮಾನ್ಯರೇ,

ಬಾಕಿ 8,000 ರೂಪಾಯಿ ಕೂಡಲೇ ಕಟ್ಟಬೇಕೆಂದು ನಿನ್ನೆ ಸಂಜೆ ನಿಮ್ಮ ಆಫೀಸಿನಿಂದ ನನಗೆ ಮೆಸೇಜು ಬಂತು. ಆ ಹೊತ್ತಿಗೆ ನಾನು ಸೀರೆ ಎತ್ತಿ ಕಟ್ಟಿ, ಅಂಗಳದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ಗಟಾರಕ್ಕೆ ಚೆಲ್ಲುತ್ತಿದ್ದೆ. ಹದಿನಾಲ್ಕು ಸಲ ಫೋನು ಮಾಡಿದ್ದೇನೆ, ಒಂದು ಸಲ ಖುದ್ದಾಗಿ ಬಂದಿದ್ದೇನೆ. ಇನ್ನು ಬಾಯಿಮಾತು ಸಾಕು ಎಂದು ಬರೆಯುತ್ತಿದ್ದೇನೆ.

ಮನೆ ಹಿಂದಿನ ಧರೆಯಿಂದ ಇಳಿಯುವ ನೀರೆಲ್ಲ ನಮ್ಮ ಅಂಗಳಕ್ಕೇ ಬರುತ್ತದೆ. ಅಡಿಯಲ್ಲಿ ಜೇಡಿಮಣ್ಣು, ಹೀರುವುದಿಲ್ಲ. ಇದನ್ನು ಏಪ್ರಿಲ್‌ನಲ್ಲಿ ನೋಡಿ ಹೋದವರು ನಿಮ್ಮವರೇ. ಕೊಟೇಶನ್ ಬರೆದುಕೊಟ್ಟವರೂ ನೀವೇ: 60 ಅಡಿ ಉದ್ದ, 2 ಅಡಿ ಆಳದ ಕಾಲುವೆ, ಎಂಟು ಅಡಿಗೆ ಒಂದು ಇಂಚು ಇಳಿಜಾರು, ತೊಳೆದ ಜಲ್ಲಿ, ಅದರ ಸುತ್ತ ಫಿಲ್ಟರ್ ಬಟ್ಟೆ, ನಡುವೆ ತೂತಿನ ನಾಲ್ಕು ಇಂಚಿನ ಪೈಪು. ಒಂದು ವರ್ಷ ಗ್ಯಾರಂಟಿ. ದೂರು ಕೊಟ್ಟ ಏಳು ದಿನದೊಳಗೆ ಬಂದು ನೋಡುತ್ತೇವೆ ಎಂಬುದೂ ಅದೇ ಹಾಳೆಯ ಕೊನೆಯ ಸಾಲಿನಲ್ಲಿದೆ. ಒಟ್ಟು 48,000ದಲ್ಲಿ 40,000 ಕೊಟ್ಟಾಗಿದೆ.

ಮೃಗಶಿರ ಮಳೆಯಲ್ಲಿ ನಿಂತ ನೀರು ಆರ್ದ್ರೆ ಮುಗಿದರೂ ಇಳಿಯಲಿಲ್ಲ. ಪಕ್ಕದ ಮನೆ ಹುಡುಗನಿಂದ ಮೂರು ಕಡೆ ಅಗೆಸಿ ನೋಡಿದೆ. ಬಟ್ಟೆ ಎಲ್ಲೂ ಇಲ್ಲ. ಜಲ್ಲಿಯ ಸಂದಿಯಲ್ಲೆಲ್ಲ ಕೆಂಪು ರಾಡಿ ಇಳಿದು ಗಟ್ಟಿಯಾಗಿದೆ. ಬೊಗಸೆಯಲ್ಲಿ ಹಿಡಿದರೆ ಕಲ್ಲು ಬಿಡಿಬಿಡಿಯಾಗಿ ಬರುವುದಿಲ್ಲ, ಮುದ್ದೆಯಾಗಿ ಬರುತ್ತದೆ. ಪೈಪಿನ ತೂತು ಕೆಳಮುಖವಾಗಿರಬೇಕು, ಅಡಿಯಿಂದ ಏರಿದ ನೀರು ಒಳಗೆ ಸೇರಲಿಕ್ಕೆ. ನೀವು ಮೇಲ್ಮುಖ ಮಾಡಿಟ್ಟಿದ್ದೀರಿ, ಅದರೊಳಗೆ ನೀರಿಗಿಂತ ಮೊದಲು ಮಣ್ಣು ಬಿದ್ದಿದೆ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಲೆವೆಲ್ ಹಿಡಿದೆ. 60 ಅಡಿಗೆ ಏಳೂವರೆ ಇಂಚು ಇಳಿಯಬೇಕಾದ ಪೈಪು 35 ಅಡಿಯ ಹತ್ತಿರ ತಗ್ಗಾಗಿ, ಅಲ್ಲಿಂದ ಗಟಾರದ ಕಡೆಗೆ ಎರಡು ಇಂಚು ಏರಿದೆ. ನೀರು ಏರು ಹತ್ತುವುದಿಲ್ಲ.

ಈ ಲೆಕ್ಕವನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ಜುಲೈ 14ರಂದು ಬಸ್ಸು ಹತ್ತಿ ನಿಮ್ಮ ಆಫೀಸಿಗೆ ಬಂದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಒದ್ದೆ ಕೊಡೆ ಹಿಡಿದು ಒಂದು ಗಂಟೆ ಹತ್ತು ನಿಮಿಷ ಕೂತೆ. ಮೇಜಿನ ಹಿಂದಿದ್ದ ನಿಮ್ಮ ಸೂಪರ್‌ವೈಸರ್ ಮೊಬೈಲಿನಿಂದ ತಲೆ ಎತ್ತಿ, "ಅಕ್ಕೋರೆ, ಮಳೆಗಾಲದಲ್ಲಿ ನಿಲ್ಲದ ನೀರು ಮತ್ತೆ ಬ್ಯಾಸಿಗೆಲಿ ನಿಲ್ತದಾ?" ಎಂದರು. ನಾನು ಹಾಳೆ ಮುಂದಿಟ್ಟೆ. ಓದಲಿಲ್ಲ. ಅದರ ಮೇಲೆ ಚಹಾ ಗ್ಲಾಸು ಇಟ್ಟರು. "ಲೆವೆಲ್ ಹಿಡಿದವರು ಯಾರು?" "ನಾನೇ" ಎಂದೆ. ಅವರು ಒಳಕೋಣೆಯ ಕಡೆ ತಿರುಗಿ ಕೂಗಿದರು: "ಅಕ್ಕೋರು ನಮಗೆ ಲೆವೆಲ್ ಪಾಠ ಮಾಡ್ಲಿಕ್ಕೆ ಬಂದಿದ್ದಾರೆ ನೋಡ್ರೋ!" ಒಳಗೆ ಇಬ್ಬರು ನಕ್ಕರು. ಆಮೇಲೆ ನನಗೆ ಹೇಳಿದರು: "ಮನೆಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ. ಅವ್ರಿಗಾದ್ರೆ ಹೇಳಿದ್ದು ತಿಳೀತದೆ."

ನನ್ನ ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅಷ್ಟು ಜನರ ಮುಂದೆ ಅದನ್ನು ಹೇಳಲಿಕ್ಕೆ ನನ್ನ ಬಾಯಿ ಬರಲಿಲ್ಲ. ಹಾಳೆ ಎತ್ತಿಕೊಂಡು ಎದ್ದು ಬಂದೆ. ಅದನ್ನೇ ಈ ಪತ್ರಕ್ಕೆ ಲಗತ್ತಿಸಿದ್ದೇನೆ, ಗ್ಲಾಸಿನ ಉಂಗುರ ಹಾಗೇ ಇದೆ. ಕೊಟೇಶನ್ನಿಗೆ ಸಹಿ ಹಾಕಿದ್ದು ನಾನು, ದುಡ್ಡು ಎಣಿಸಿ ಕೊಟ್ಟಿದ್ದೂ ನಾನು. ಅಂದು ನಿಮಗೆ ಗಂಡಸರು ಬೇಕಾಗಿರಲಿಲ್ಲ.

ನಮ್ಮ ಅತ್ತೆಗೆ 84 ವರ್ಷ. ದಿನಾ ತುಳಸಿಗೆ ನೀರು ಹಾಕದೆ ಚಹಾ ಕುಡಿದವರಲ್ಲ. ಈಗ ಪಾಚಿಗೆ ಜಾರುತ್ತದೆಂದು ಅವರನ್ನು ಮೆಟ್ಟಿಲು ಇಳಿಯಲು ಬಿಡುತ್ತಿಲ್ಲ. ಜಗುಲಿಯಲ್ಲೇ ನಿಂತು ಕೈ ಮುಗಿಯುತ್ತಾರೆ. ಬಾವಿ ಇರುವುದು ಆ ನೀರಿನಿಂದ ಹತ್ತೇ ಅಡಿಯಲ್ಲಿ. ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಒಂದು ವಾರ, ಹತ್ತು ದಿನ ಸಾಕು. ನಮ್ಮಲ್ಲಿ ನೀರು ನಿಂತು ತಿಂಗಳು ದಾಟಿದೆ.

ಈ ಪತ್ರ ತಲುಪಿದ ಏಳು ದಿನದೊಳಗೆ ನೀವು ಬಂದು, ಪೈಪು ಪೂರ್ತಿ ಎತ್ತಿ, ಬರೆದುಕೊಟ್ಟ ಹಾಗೆಯೇ ಮತ್ತೆ ಹಾಕಬೇಕು. ಆ 8,000 ಅಲ್ಲಿಯವರೆಗೆ ನನ್ನ ಹತ್ತಿರವೇ ಇರುತ್ತದೆ. ಬಾರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರು ಕೊಟ್ಟು, 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಐದು ಲಕ್ಷದವರೆಗಿನ ವ್ಯವಹಾರದ ದೂರಿಗೆ ಅಲ್ಲಿ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಕಾಯ್ದೆ ನನಗೆ ಎರಡು ವರ್ಷ ಕೊಟ್ಟಿದೆ. ನಾನು ಎಂಟನೆಯ ದಿನವೇ ಹೊರಡುತ್ತೇನೆ. 31 ವರ್ಷ ಹಾಜರಿ ಪುಸ್ತಕ ಬರೆದವಳು, ನಿಮಗೆ ಮಾಡಿದ ಒಂದೊಂದು ಫೋನಿನ ದಿನಾಂಕ, ಗಂಟೆ, ಎತ್ತಿದವರ ಮಾತು ಎಲ್ಲ ಬರೆದಿಟ್ಟಿದ್ದೇನೆ. ಆ ಚಹಾ ಉಂಗುರದ ಹಾಳೆಯ ಜೆರಾಕ್ಸು ಐದು ಮಾಡಿಸಿದ್ದೇನೆ. ಅಗೆದ ಮೂರು ಗುಂಡಿಗಳನ್ನೂ ಮುಚ್ಚಿಲ್ಲ.

ಇಂತಿ,
ಮನೆಯ ಯಜಮಾನಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ,
ಕುಮಟಾ ತಾಲೂಕು