ಜಗಲಿಯ ಫೋಟೋ ಒಮ್ಮೆ ಕೆಳಗಿಳಿಸು ಅಮ್ಮ

ಆಸ್ಟಿನ್, ಟೆಕ್ಸಾಸ್
20-7-2025, ಭಾನುವಾರ

ಪ್ರೀತಿಯ ಅಮ್ಮ, ಅಪ್ಪಯ್ಯ,

ನಮಸ್ಕಾರ. ನಾನು ಕ್ಷೇಮ. ಫೋನಿನಲ್ಲೇ ಹೇಳಿದ್ದರೆ ಆಗುತ್ತಿತ್ತು, ಆದರೆ ಮಳೆಗಾಲದಲ್ಲಿ ನಮ್ಮೂರ ಟವರ್ ಕಥೆ ಗೊತ್ತಲ್ಲ, ಕರೆಂಟ್ ಹೋದರೆ ಅದೂ ಹೋಯಿತು. ಮೊನ್ನೆ ನೀನು ದಣಪೆಯ ಹತ್ತಿರ ಕೊಡೆ ಹಿಡಿದುಕೊಂಡು ಮಾತಾಡುತ್ತಿದ್ದೆ, ನನಗೆ ಕೇಳಿದ್ದು ಮಳೆಯ ಶಬ್ದವೇ ಜಾಸ್ತಿ. ಲಿಂಗನಮಕ್ಕಿ ಡ್ಯಾಮಿನ ನೀರು 1819 ಅಡಿ ಮುಟ್ಟಲು ಇನ್ನೆಷ್ಟು ಬೇಕು ಅಂತ ಏನೋ ಹೇಳಿದೆ, ಅದೂ ಅರ್ಧ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ತಂಗಿ ಸಾಗರದಲ್ಲಿ ಪ್ರಿಂಟ್ ತೆಗೆಸಿ ತರುತ್ತಾಳೆ. ಅಪ್ಪಯ್ಯನಿಗೆ ನೀನೇ ಓದಿ ಹೇಳು, ಅವರು ಕನ್ನಡಕ ಹುಡುಕಲು ಹೊರಟರೆ ಸಂಜೆಯಾಗುತ್ತದೆ.

ಇಲ್ಲಿ ಸುಡುವ ಸೆಖೆ. ಶುಕ್ರವಾರ ನನ್ನ ಮನೆಯ ಎ.ಸಿ. ಕೆಟ್ಟಿತು. ರಿಪೇರಿಯವನು ಸೋಮವಾರ ಬರುತ್ತೇನೆ ಅಂದ. ನಿನ್ನೆ ತಂಪಾಗಿ ಕೂರಲು ಒಂದು ಜಾಗ ಬೇಕಿತ್ತು ಅಷ್ಟೇ, ಜ್ಞಾನಾರ್ಜನೆ ಏನೂ ನನ್ನ ತಲೆಯಲ್ಲಿರಲಿಲ್ಲ. ಯೂನಿವರ್ಸಿಟಿಯಲ್ಲಿ ಹ್ಯಾರಿ ರಾನ್ಸಮ್ ಸೆಂಟರ್ ಅಂತ ಇದೆ. ಟಿಕೆಟ್ ಇಲ್ಲ, ಒಳಗೆ ತಂಪು. ಹೋದೆ.

ಕ್ಯಾಮೆರಾದಲ್ಲಿ ತೆಗೆದು ಇಂದಿಗೂ ಉಳಿದಿರುವ ಅತಿ ಹಳೆಯ ಫೋಟೋ ಇರುವುದು ಅಲ್ಲೇ ಅಮ್ಮ. ಈ ಊರಿಗೆ ಬಂದು ನಾಲ್ಕು ವರ್ಷವಾಯಿತು, ನನಗೆ ಗೊತ್ತೇ ಇರಲಿಲ್ಲ. ಜೋಗದ ಪಕ್ಕದಲ್ಲಿದ್ದೂ ಜೋಗ ನೋಡದವರ ಹಾಗೆ.

ತೆಗೆದವನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್. 1826 ಅಥವಾ 1827ರಲ್ಲಿ, ತನ್ನ ಹಳ್ಳಿ ಮನೆಯ ಮಹಡಿ ಕಿಟಕಿಯಿಂದ. ಅದು ಕಾಗದವಲ್ಲ, ತವರ ಬೆರೆತ ಲೋಹದ ತಗಡು. ಶಾಲೆಯ ನೋಟ್ ಪುಸ್ತಕದಷ್ಟು ಅಗಲ ಇರಬಹುದು. ಡಾಂಬರಿನ ಜಾತಿಯ ಒಂದು ವಸ್ತುವನ್ನು ಅದಕ್ಕೆ ತೆಳ್ಳಗೆ ಬಳಿದು ಕ್ಯಾಮೆರಾದೊಳಗೆ ಇಟ್ಟ. ಬೆಳಕು ಬಿದ್ದ ಕಡೆ ಅದು ಗಟ್ಟಿಯಾಯಿತು, ಬೀಳದ ಕಡೆ ಮೆತ್ತಗೆ ಉಳಿಯಿತು. ಮೆತ್ತಗಿದ್ದದ್ದನ್ನು ಲ್ಯಾವೆಂಡರ್ ಎಣ್ಣೆ ಹಾಕಿ ತೊಳೆದ. ಉಳಿದದ್ದೇ ಚಿತ್ರ. ಇಷ್ಟಕ್ಕೆ ಕಮ್ಮಿ ಅಂದರೂ ಎಂಟು ಗಂಟೆ ಹಿಡಿದಿತ್ತಂತೆ, ಕೆಲವು ದಿನಗಳೇ ಬೇಕಾಗಿರಬೇಕು ಅಂತ ಹೇಳುವವರೂ ಇದ್ದಾರೆ. ಅಷ್ಟು ಹೊತ್ತಿಗೆ ಸೂರ್ಯ ಆ ಕಡೆಯಿಂದ ಈ ಕಡೆಗೆ ಬಂದಿದ್ದನಲ್ಲ, ಅಂಗಳದ ಎರಡೂ ಬದಿಯ ಗೋಡೆಗಳ ಮೇಲೆ ಬಿಸಿಲು ಕೂತಿದೆ. ಬೆಳಗೂ ಸಂಜೆಯೂ ಒಂದೇ ತಗಡಿನಲ್ಲಿ.

ಆದರೆ ಹೋಗಿ ನಿಂತ ಕೂಡಲೇ ಏನೂ ಕಾಣುವುದಿಲ್ಲ. ಗಾಳಿಯಾಡದ ಹಾಗೆ ಮುಚ್ಚಿದ ಚೌಕಟ್ಟಿನೊಳಗೆ ಒಂದು ಬೂದು ಕನ್ನಡಿ, ಅದರಲ್ಲಿ ನಮ್ಮದೇ ಬೆವರಿದ ಮುಖ. ನನ್ನ ಮುಂದಿದ್ದ ಹುಡುಗ ಅವನ ಅಮ್ಮನಿಗೆ ಏನೂ ಇಲ್ಲ ಅಂತ ಹೇಳಿ ಹೋಗಿಯೇ ಬಿಟ್ಟ. ಬಚ್ಚಲ ಒಲೆ ಊದುವಾಗ ಬಗ್ಗುತ್ತೇವಲ್ಲ, ಹಾಗೆ ಬಗ್ಗಿ, ತಲೆ ವಾರೆ ಮಾಡಿ, ಸ್ವಲ್ಪ ಎಡಕ್ಕೆ ಸರಿದಾಗ ಒಂದು ಇಳಿಜಾರು ಮಾಡು ಕಂಡಿತು. ಆಮೇಲೆ ಗೋಡೆ. ಆಮೇಲೆ ಒಂದು ಮರದ ಹಾಗೆ ಏನೋ. ಸುಮಾರು ಹೊತ್ತು ಹಾಗೇ ನಿಂತಿದ್ದೆ, ಸೊಂಟ ನೋವು ಬರುವ ತನಕ.

ಅದರ ಕಥೆ ಇನ್ನೂ ಚೆನ್ನಾಗಿದೆ. 1827ರಲ್ಲಿ ನಿಯೆಪ್ಸ್ ಅಣ್ಣನನ್ನು ನೋಡಲು ಇಂಗ್ಲೆಂಡಿಗೆ ಹೋದವನು ಇದನ್ನೂ ಕೊಂಡೊಯ್ದ. ಅಲ್ಲಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯವರು, ಹೇಗೆ ಮಾಡಿದೆ ಅಂತ ಪೂರ್ತಿ ಹೇಳದಿದ್ದರೆ ನಾವು ನೋಡುವುದಿಲ್ಲ ಅಂದರು. ಇವನು ಗುಟ್ಟು ಬಿಡಲಿಲ್ಲ. ನಮ್ಮ ಕಡೆ ನಾಟಿ ವೈದ್ಯರು ಬೇರಿನ ಹೆಸರು ಹೇಳುವುದಿಲ್ಲವಲ್ಲ, ಅದೇ ಕಥೆ. ತಗಡನ್ನು ಗಿಡಗಳ ಚಿತ್ರ ಬರೆಯುತ್ತಿದ್ದ ಗೆಳೆಯ ಫ್ರಾನ್ಸಿಸ್ ಬಾಯರ್‌ಗೆ ಕೊಟ್ಟು ವಾಪಸು ಬಂದ, 1833ರಲ್ಲಿ ತೀರಿಕೊಂಡ. ತಗಡು ಕೈಯಿಂದ ಕೈಗೆ ಹೋಗಿ, 1898ರಲ್ಲಿ ಒಂದು ಪ್ರದರ್ಶನದಲ್ಲಿ ಕಂಡು, ಆಮೇಲೆ ಎಲ್ಲೋ ಮಾಯವಾಯಿತು. 1952ರಲ್ಲಿ ಹೆಲ್ಮುಟ್ ಗೆರ್ನ್‌ಶೈಮ್ ಅನ್ನುವವರು ಹುಡುಕಿ ಹುಡುಕಿ ಕೊನೆಗೆ ಅದು ಸಿಕ್ಕಿದ್ದು ಇಂಗ್ಲೆಂಡಿನ ಒಂದು ಮನೆಯವರ ಟ್ರಂಕಿನಲ್ಲಿ.

ಟ್ರಂಕು ಅಂದಾಗ ನಮ್ಮ ಅಟ್ಟದ ಟ್ರಂಕು ನೆನಪಾಯಿತು. ಜೋನಿ ಬೆಲ್ಲದ ಡಬ್ಬ ಮೇಲಿದೆ ಅಂತ ಹೇಳಿ ನೀವು ಅದನ್ನು ತೆರೆಯದೆ ಎಷ್ಟು ವರ್ಷವಾಯಿತು? ಇರಲಿ, ಅದು ಬೇರೆ ವಿಷಯ.

ಮನೆಗೆ ಬಂದು ಫ್ಯಾನ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ಹಳೇ ಫೋಟೋಗಳನ್ನೇ ನೋಡುತ್ತಾ ಕೂತೆ. ರಾತ್ರಿ ಎರಡಾಯಿತು.

ಪ್ಯಾರಿಸ್ಸಿನ ಒಂದು ಬೀದಿಯದು ಇದೆ, 1838ರದ್ದು, ಫೋಟೋ ತೆಗೆಯುವ ಇನ್ನೊಂದು ದಾರಿ ಕಂಡುಹಿಡಿದ ಡಾಗೇರ್ ತೆಗೆದದ್ದು. ದೊಡ್ಡ ರಸ್ತೆ, ಸಾಲು ಮರ, ಮನೆಗಳು. ಗಾಂಧಿ ಬಜಾರಿನಂತೆ ಗಿಜಿಗಿಜಿ ಇರಬೇಕಾದ ಜಾಗ, ಒಂದು ಕುದುರೆ ಗಾಡಿಯೂ ಇಲ್ಲ. ಇದ್ದವು, ಆದರೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿದ್ದರಿಂದ ಓಡಾಡುತ್ತಿದ್ದದ್ದೆಲ್ಲ ಅಳಿಸಿಹೋಗಿದೆ. ಮೂಲೆಯಲ್ಲಿ ಒಬ್ಬ ಮಾತ್ರ ಒಂದು ಕಾಲು ಮೇಲಿಟ್ಟು ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಿದ್ದ. ನಿಂತಿದ್ದಕ್ಕೆ ಉಳಿದ. ಪಾಲಿಶ್ ಮಾಡುವವನ ಕೈ ಆಡುತ್ತಿತ್ತಲ್ಲ, ಅವನು ಮಸುಕು ಮಸುಕು. ಫೋಟೋದಲ್ಲಿ ಬಂದ ಮೊದಲ ಮನುಷ್ಯರು ಇವರೇ ಇರಬೇಕು ಅನ್ನುತ್ತಾರೆ. ಇಬ್ಬರ ಹೆಸರೂ ಯಾರಿಗೂ ಗೊತ್ತಿಲ್ಲ.

ಇನ್ನೊಬ್ಬ ಬಯಾರ್ ಅಂತ. ಚಿಕ್ಕಪ್ಪನಿಗೆ ಇವನ ಕಥೆ ಹೇಳು, ಖುಷಿಯಾಗುತ್ತದೆ. ಇವನೂ ತನ್ನದೇ ದಾರಿಯಲ್ಲಿ ಫೋಟೋ ತೆಗೆಯುವುದನ್ನು ಕಂಡುಹಿಡಿದಿದ್ದ. ಆದರೆ ಫ್ರಾನ್ಸ್ ಸರ್ಕಾರ ಜೀವನಪೂರ್ತಿ ಪಿಂಚಣಿ ಕೊಟ್ಟದ್ದು ಡಾಗೇರ್‌ಗೆ. ಸಿಟ್ಟು ಬಂದು 1840ರಲ್ಲಿ ತಾನೇ ನೀರಿಗೆ ಬಿದ್ದು ಸತ್ತ ಹೆಣದ ಹಾಗೆ ಸೊಂಟದ ಮೇಲೆ ಬಟ್ಟೆ ಇಲ್ಲದೆ ಒರಗಿ ಕೂತು ಫೋಟೋ ತೆಗೆದುಕೊಂಡ. ಸರ್ಕಾರ ಡಾಗೇರ್‌ಗೆ ಬೇಕಾದಷ್ಟು ಕೊಟ್ಟು ಬಯಾರ್‌ಗೆ ಏನೂ ಮಾಡಲಾಗದು ಅಂದದ್ದಕ್ಕೆ ಈ ಪಾಪದವನು ಮುಳುಗಿ ಸತ್ತ ಅಂತ ಹಿಂಬದಿಯಲ್ಲಿ ತಾನೇ ಬರೆದ. ಬಿಸಿಲಿಗೆ ಕೈ, ಮುಖ ಕಪ್ಪಾಗಿದ್ದವು, ಅದನ್ನು ನೋಡಿ ಹೆಣ ಕೊಳೆಯಲು ಶುರುವಾಗಿದೆ ಅಂತಲೂ ಬರೆದಿದ್ದಾನೆ! ಆಮೇಲೆ 1887ರ ತನಕ ಗಟ್ಟಿಯಾಗಿ ಬದುಕಿದ್ದ. ಪಾಲಿನ ಸಮಯದಲ್ಲಿ ಹಿಂದಿನ ತೋಟ ತನಗೆ ಬರಲಿಲ್ಲ ಅಂತ ಚಿಕ್ಕಪ್ಪ ಮೂರು ದಿನ ಹೊದ್ದು ಮಲಗಿದ್ದರಲ್ಲ, ಫೋಟೋದವನು ಇದ್ದಿದ್ದರೆ ನಮ್ಮಲ್ಲೂ ಒಂದು ಆಗುತ್ತಿತ್ತು.

ನಮ್ಮ ಕಡೆಗೆ ಈ ವಿದ್ಯೆ ತೀರಾ ತಡವಾಗಿ ಬಂದದ್ದೇನಲ್ಲ. 1854ರ ಕೊನೆಯಲ್ಲಿ ಲಿನಿಯಸ್ ಟ್ರೈಪ್ ಅನ್ನುವ ಈಸ್ಟ್ ಇಂಡಿಯಾ ಕಂಪನಿ ಸೇನೆಯ ಅಧಿಕಾರಿ ಬೇಲೂರು, ಹಳೇಬೀಡಿಗೆ ಕ್ಯಾಮೆರಾ ಹೊರಿಸಿಕೊಂಡು ಬಂದಿದ್ದ. 1856ರಲ್ಲಿ ಗ್ರೀನ್‌ಲಾ ಅನ್ನುವ ಇನ್ನೊಬ್ಬ ಅಧಿಕಾರಿ ಹಂಪಿಯನ್ನು ತೆಗೆದ. ಮೇಣ ಹಚ್ಚಿದ ಕಾಗದವೇ ಅವರ ನೆಗೆಟಿವ್. ಕಲ್ಲು ಅಲ್ಲಾಡುವುದಿಲ್ಲ, ಅವರಿಗೆ ಒಂದು ಲೆಕ್ಕಕ್ಕೆ ಸುಲಭ. ಕಷ್ಟ ಇದ್ದದ್ದು ಮಕ್ಕಳ ಫೋಟೋ ತೆಗೆಯುವವರಿಗೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಎಳೇ ಮಗುವಿನ ಫೋಟೋ ತೆಗೆಯಬೇಕಾದರೆ ಅದು ಕೆಲವು ಸೆಕೆಂಡುಗಳಾದರೂ ಅಲ್ಲಾಡದೆ ಇರಬೇಕಿತ್ತು. ಮಗು ಇರುತ್ತದಾ? ಅದಕ್ಕೆ ಅಮ್ಮನನ್ನೇ ಕೂರಿಸಿ, ಅವಳ ತಲೆಯಿಂದ ಕಾಲಿನವರೆಗೆ ಒಂದು ಬಟ್ಟೆ ಹೊದಿಸಿಬಿಡುತ್ತಿದ್ದರು. ಮಗು ಅವಳ ತೊಡೆ ಮೇಲೆ. ನೋಡುವವರಿಗೆ ಅದೊಂದು ಹೂವಿನ ಬಟ್ಟೆಯ ಕುರ್ಚಿ. ಇಂಥ ಫೋಟೋ ಒಂದೆರಡಲ್ಲ, ರಾಶಿ ರಾಶಿ ಇವೆ. ಒಂದು ಸಲ ಗೊತ್ತಾದ ಮೇಲೆ ಕುರ್ಚಿ ಕಾಣುವುದೇ ಇಲ್ಲ, ಬಟ್ಟೆಯೊಳಗಿನ ಭುಜ, ಮೊಣಕಾಲು, ಮೂಗಿನ ಉಬ್ಬು ಇವೇ ಕಾಣುತ್ತವೆ. ಕೆಲವರು ಬಟ್ಟೆ ಹೊದಿಸುವ ಗೋಜಿಗೂ ಹೋಗದೆ ಆಮೇಲೆ ಅಮ್ಮನ ಮುಖವನ್ನು ಕೆರೆದು ಹಾಕಿದ್ದಾರೆ. ನಗು ಬಂತು ಮೊದಲು. ನಾಲ್ಕನೆಯದೋ ಐದನೆಯದೋ ನೋಡುವಾಗ ನಗು ನಿಂತಿತು.

ಆಗ ನಮ್ಮ ಜಗಲಿಯ ಫೋಟೋ ನೆನಪಾಯಿತು. ಹೋದ ದೀಪಾವಳಿಗೆ ಬಂದಾಗ ಮೊಬೈಲಿನಲ್ಲಿ ಸುಮ್ನೆ ಒಂದು ತೆಗೆದುಕೊಂಡಿದ್ದೆ. ಹಳೇ ಮನೆಯಲ್ಲಿ, ಅಪ್ಪಯ್ಯ ಎಂಟು ತಿಂಗಳ ಮಗುವಾಗಿದ್ದಾಗಿನದು. ಅಂದರೆ 1958. ಸಾಗರದಿಂದ ಫೋಟೋದವನು ಮೂರು ಕಾಲಿನ ಪೆಟ್ಟಿಗೆ ಹೊತ್ತು ಹೊಳೆ ದಾಟಿ ಬಂದಿದ್ದ, ಊಟ ಮಾಡಿ, ಮೋಡ ಸರಿಯುವವರೆಗೂ ಕವಳ ಹಾಕುತ್ತಾ ಕೂತಿದ್ದ ಅಂತ ಅಜ್ಜಿ ಹೇಳುತ್ತಿದ್ದಳಲ್ಲ, ಅದೇ ಫೋಟೋ. ಪಂಚೆಯ ಮೇಲೆ ಕರೀ ಕೋಟು ಹಾಕಿದ ಅಜ್ಜ ಕುರ್ಚಿಯಲ್ಲಿ, ಅಜ್ಜಿ ಪಕ್ಕದಲ್ಲಿ ನಿಂತು. ಚಡ್ಡಿಯ ದೊಡ್ಡಪ್ಪ ಗೋಡೆ ಗಡಿಯಾರವನ್ನೇ ಇಳಿಸಿ ಎದೆಗೆ ಒತ್ತಿ ಹಿಡಿದಿದ್ದಾರೆ, ಗಡಿಯಾರ ಇರುವ ಮನೆ ಅಂತ ಗೊತ್ತಾಗಲಿ ಅಂತ ಇರಬೇಕು. ಅದರಲ್ಲಿ ಗಂಟೆ ಎರಡೂಕಾಲು. ನಾಯಿ ತಲೆ ತಿರುಗಿಸಿದ್ದಕ್ಕೆ ಅದಕ್ಕೆ ಎರಡು ತಲೆ. ಚಿಕ್ಕವರಿದ್ದಾಗ ನಾವು ನೋಡುತ್ತಿದ್ದದ್ದು ಬರೀ ಆ ನಾಯಿಯನ್ನು.

ನಿನ್ನೆ ರಾತ್ರಿ ನಾನು ನಾಯಿಯನ್ನು ಬಿಟ್ಟು ಮಗುವನ್ನು ದೊಡ್ಡದು ಮಾಡಿ ನೋಡಿದೆ. ಅಪ್ಪಯ್ಯ ಕುಲಾವಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾರೆ. ಹಿಂದೆ ಜಮಖಾನ ಇಳಿಬಿಟ್ಟಿದ್ದಾರೆ. ಎಂಟು ತಿಂಗಳ ಮಗು ಸ್ಟೂಲಿನ ಮೇಲೆ ತಾನೇ ಕೂರುತ್ತದಾ ಅಮ್ಮ? ಜಮಖಾನದ ಅಂಚಿನಿಂದ ಒಂದು ಕೈ ಬಂದಿದೆ. ನಾಲ್ಕು ಬೆರಳು ಅಪ್ಪಯ್ಯನ ಉಡಿದಾರವನ್ನು ಬಿಗಿಯಾಗಿ ಹಿಡಿದಿವೆ, ಹೆಬ್ಬೆರಳು ಕಾಣುವುದಿಲ್ಲ. ಮಣಿಕಟ್ಟಿನ ತನಕ ಕೈ ಇದೆ. ಬೋಳು ಕೈ. ಅಜ್ಜಿಯ ಕೈಯಲ್ಲಿ ಬಳೆ ಇದೆ, ಮೂಲೆಯಲ್ಲಿ ನಿಂತ ಆ ಚಿಕ್ಕ ಹುಡುಗಿಯ ಕೈಯಲ್ಲೂ ಇದೆ. ಆ ಮನೆಯಲ್ಲಿ ಬಳೆ ಇಲ್ಲದ ಹೆಂಗಸು ಒಬ್ಬಳೇ ಅಲ್ವಾ, ಕೆಂಪಜ್ಜಿ.

ಅವಳ ಬಗ್ಗೆ ನನಗೆ ಗೊತ್ತಿರುವುದು ಎರಡೇ ಮಾತು. ಅಜ್ಜನ ಅಕ್ಕ. ಮೈನೆರೆಯುವ ಮೊದಲೇ ಗಂಡ ಸತ್ತು, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದಕ್ಕೆ ಮಕ್ಕಳೆಲ್ಲ ಕೆಂಪಜ್ಜಿ ಅನ್ನುತ್ತಿದ್ದರು. ಅಪ್ಪಯ್ಯನನ್ನು ಮೀಯಿಸಿ ಮಲಗಿಸಿ ದೊಡ್ಡ ಮಾಡಿದ್ದು ಅವಳು. ಒಂದು ಸಲ ಅಜ್ಜಿಯ ಹತ್ತಿರ ಕೇಳಿದ್ದೆ, ಕೆಂಪಜ್ಜಿ ಫೋಟೋ ಯಾಕಿಲ್ಲ ಅಂತ. ಅವಳಿಗೆ ಫೋಟೋ ಅಂದರೆ ಆಗುತ್ತಿರಲಿಲ್ಲ ಅಂದಳು. ಆಗ ನಂಬಿದ್ದೆ. ಆಗಿನ ಕಾಲವೇ ಹಾಗೆ ಅಂತ ನೀನು ಹೇಳುತ್ತೀಯ, ಗೊತ್ತು. ಇರಬಹುದು. ಮಂಗಳ ಕೆಲಸ, ಎದುರಿಗೆ ಬರಬಾರದು, ಎಲ್ಲ ಸರಿ. ಮಗು ಅಲ್ಲಾಡದ ಹಾಗೆ ಹಿಡಿಯಲು ಮಾತ್ರ ಅವಳೇ ಬೇಕಾಗಿದ್ದಳು.

ನಾನು ಜಗಳಕ್ಕೆ ಬರೆಯುತ್ತಿಲ್ಲ. ಅಜ್ಜನೂ ಇಲ್ಲ, ಅಜ್ಜಿಯೂ ಇಲ್ಲ, ಯಾರ ಮೇಲೆ ಸಿಟ್ಟು ಮಾಡಲಿ. ಆದರೆ ಆ ಕೈ ಈಗ ಕಣ್ಣಿಗೆ ಬಿದ್ದುಬಿಟ್ಟಿದೆ.

ಹೋದ ವಾರ ಸಿಗಂದೂರಿನ ಸೇತುವೆ ಶುರುವಾಯಿತಂತಲ್ಲ, ವಿಡಿಯೋ ನೋಡಿದೆ. ಹತ್ತಿರ ಹತ್ತಿರ ಎರಡೂವರೆ ಕಿಲೋಮೀಟರ್ ನೀರು, ಕಾರಿನಲ್ಲಿ ಐದು ನಿಮಿಷವಂತೆ. ಒಳ್ಳೆಯದಾಯಿತು, ರಾತ್ರಿ ಹೊತ್ತು ಹುಷಾರು ತಪ್ಪಿದವರನ್ನು ಇಟ್ಟುಕೊಂಡು ಲಾಂಚಿಗೆ ಕಾಯುವ ಕಷ್ಟ ಆ ಕಡೆಯವರಿಗೇ ಗೊತ್ತು. ಲಾಂಚಿನಲ್ಲಿ ಹೋಗುವಾಗಲೆಲ್ಲ ಅಪ್ಪಯ್ಯ ನೀರಿನ ಕಡೆ ಕೈ ತೋರಿಸಿ ಅಲ್ಲೆಲ್ಲೋ ನಮ್ಮನೆ ಅನ್ನುತ್ತಿದ್ದರು. 1964ರಲ್ಲಿ ಲಿಂಗನಮಕ್ಕಿ ಮುಗಿದು ಅದೆಲ್ಲ ನೀರೊಳಗೆ ಹೋಯಿತು. ಆಗಲೇ ಮುಳುಗಿದ ಹಳೇ ಹಿರೇಭಾಸ್ಕರ ಡ್ಯಾಮ್ ಆದರೂ ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೆ ಬರುತ್ತದೆ, ಅದು ಕಲ್ಲಿನದು. ನಮ್ಮದು ಮಣ್ಣಿನ ಗೋಡೆ. ಆ ಜಗಲಿ ಈಗ ಇರುವುದು ಈ ಒಂದು ಫೋಟೋದಲ್ಲಿ, ಆ ಫೋಟೋ ಇರುವುದು ಬಚ್ಚಲಿಗೆ ಒತ್ತಿಕೊಂಡ ಥಂಡಿ ಗೋಡೆಯ ಮೇಲೆ. ಮೇಲಿನ ಮೂಲೆಯಲ್ಲಿ ಬಿಳೀ ಬೂಷ್ಟು ಬಂದಿದೆ, ಇನ್ನೆರಡು ಮಳೆಗಾಲಕ್ಕೆ ಅಜ್ಜನ ಮುಖಕ್ಕೆ ಬರುತ್ತದೆ.

ಅದಕ್ಕೇ ಒಂದು ಕೆಲಸ ಮಾಡು. ಮಳೆ ಹೊಳವಾದ ಒಂದು ದಿನ ಅದನ್ನು ಇಳಿಸು. ಸ್ಟೂಲ್ ಹತ್ತುವುದು ನೀನಲ್ಲ, ತಂಗಿ ಹತ್ತಲಿ. ಒದ್ದೆ ಬಟ್ಟೆ ತಾಗಿಸಲೇಬೇಡ. ಹಿಂದಿನ ಹಲಗೆಯ ಮೊಳೆ ತೆಗೆದು ನೋಡಿ, ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಎಳೆದರೆ ಚಿತ್ರವೇ ಗಾಜಿನ ಜೊತೆ ಕಿತ್ತು ಬರುತ್ತದೆ, ಹಾಗೇ ಬಿಡಿ. ಅಂಟಿರದಿದ್ದರೆ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಏನಾದರೂ ಬರೆದಿದೆಯಾ ನೋಡಿ. ಜಗಲಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಒಂದು ಫೋಟೋ ತೆಗೆದು ಕಳಿಸಿ. ಗಾಜಿನ ಮೇಲೆ ನಿಮ್ಮ ನೆರಳು ಬಿದ್ದರೆ ಅಪ್ಪಯ್ಯನ ಕರೀ ಕೊಡೆ ಬಿಡಿಸಿ ಮೊಬೈಲಿನ ಹಿಂದೆ ಹಿಡಿಯಿರಿ, ನೆರಳು ಹೋಗುತ್ತದೆ. ಆಮೇಲೆ ಅದನ್ನು ದೇವರ ಮನೆಯ ಪಕ್ಕದ ಒಣ ಗೋಡೆಗೆ ಹಾಕು. ಕ್ಯಾಲೆಂಡರ್ ಬೇರೆ ಕಡೆ ಹೋಗಲಿ.

ಇನ್ನೊಂದು, ಅಪ್ಪಯ್ಯನಿಗೆ. ಕೆಂಪಜ್ಜಿ ಹೋಗುವಾಗ ನಿಮಗೆ ಆರು ವರ್ಷ, ಏನೋ ಸ್ವಲ್ಪ ನೆನಪಿರುತ್ತದೆ. ಈ ವಿಷಯ ಬಂದಾಗಲೆಲ್ಲ ತೋಟಕ್ಕೆ ಎದ್ದು ಹೋಗುತ್ತೀರಿ, ಈ ಸಲ ಹೋಗಬೇಡಿ. ಅವಳಿಗೆ ಮನೆಯಲ್ಲಿ ಇಟ್ಟ ಹೆಸರು ಏನಿತ್ತು? ಅಜ್ಜ ಅವಳನ್ನು ಏನಂತ ಕರೆಯುತ್ತಿದ್ದರು?

ಎ.ಸಿ. ನಾಳೆ ಸರಿಯಾಗಬಹುದು. ಅಪ್ಪೆಮಿಡಿ ಉಪ್ಪಿನಕಾಯಿ ತಳ ಕಂಡಿತು, ಯಾರಾದರೂ ಬರುವವರಿದ್ದರೆ ಹೇಳುತ್ತೇನೆ.

ಇಂತಿ ನಿಮ್ಮ,
ಪುಟ್ಟಿ