‘ಒಂದು ಲಾಟ್’ ಎಂದರೆ ಎಷ್ಟು ಡಬ್ಬಿ?

ಮಾನ್ಯ ಸಂಪಾದಕರೆ,

ನೈರುತ್ಯ ರೈಲ್ವೆಯಲ್ಲಿ ನೌಕರಿ ಮಾಡುವ ನನ್ನ ತಂಗಿಯ ಗಂಡನಿಗೆ ಕಳೆದ ಮೇ ತಿಂಗಳಲ್ಲಿ ಜೈಪುರಕ್ಕೆ ವರ್ಗವಾಯಿತು. ಹನ್ನೊಂದು ವರ್ಷ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ನಡೆಸಿದ ಸಂಸಾರವನ್ನು ಲಾರಿಗೆ ಏರಿಸಿ ಕಳುಹಿಸುವ ಹೊಣೆಯನ್ನು ಅಣ್ಣನಾದ ನಾನು ಹೊತ್ತುಕೊಂಡೆ. ರೈಲ್ವೆಯವರ ಸಾಮಾನು ಲಾರಿಯಲ್ಲೇಕೆ ಎಂದು ನೆರೆಯವರು ನಕ್ಕರು. ಇಲ್ಲಿಯ ಬಾಗಿಲಿನಿಂದ ಅಲ್ಲಿಯ ಬಾಗಿಲಿಗೆ ನೇರವಾಗಿ ಮುಟ್ಟುತ್ತದೆ, ನಡುವೆ ಇಳಿಸಿ ಏರಿಸುವ ತಾಪತ್ರಯವಿಲ್ಲ ಎಂಬುದು ನಮ್ಮ ಲೆಕ್ಕವಾಗಿತ್ತು. ಆ ಲೆಕ್ಕ ಎಲ್ಲಿ ತಪ್ಪಿತೆಂಬುದು ವರ್ಗಾವಣೆಯ ಉಳಿದ ಕುಟುಂಬಗಳಿಗೂ ತಿಳಿಯಲಿ ಎಂದು ಈ ಪತ್ರ ಬರೆಯುತ್ತಿದ್ದೇನೆ.

ದಾರಿಯ ಬಗ್ಗೆ ನನ್ನ ದೂರಿಲ್ಲ. ಅಂಕೋಲೆಯಿಂದ ಪಂಜಾಬಿನ ಸಂಗರೂರಿನವರೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 52 ನಮ್ಮೂರಿನ ಮೇಲೂ ಹಾಯುತ್ತದೆ, ಜೈಪುರದ ಮೇಲೂ ಹಾಯುತ್ತದೆ. ನವಲಗುಂದ, ನರಗುಂದ ದಾಟಿ, ಕೊಲ್ಹಾರದ ಹತ್ತಿರ ಕೃಷ್ಣೆಯನ್ನು ಹಾಯ್ದು, ವಿಜಯಪುರ, ಸೊಲ್ಲಾಪುರ, ಬೀಡ, ಧುಳೆ, ಇಂದೋರ್, ಕೋಟಾಗಳ ಮೂಲಕ ತಂಗಿಯ ಮನೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು ನಾನೇ ಹೋಗಿದ್ದೆ. ನಾಲ್ಕನೆಯ ದಿನ ಸಂಜೆ ತಲುಪಿದೆವು. ಸಾಮಾನು ತಲುಪಿದ್ದು ಹದಿಮೂರನೆಯ ದಿನ.

ಸಾಮಾನು ಕಟ್ಟುವಾಗ ತಂಗಿ ತನ್ನ ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಪ್ರತಿಯೊಂದು ರಟ್ಟಿನ ಡಬ್ಬಿಯ ಲೆಕ್ಕ ಬರೆದಿಟ್ಟಿದ್ದಳು. ಕಪ್ಪು ಮಾರ್ಕರಿನಿಂದ ಒಂದರಿಂದ ನಲವತ್ತೊಂದರವರೆಗೆ ಅಂಕಿ ಹಾಕಿ, ಯಾವುದರಲ್ಲಿ ಹಿತ್ತಾಳೆ ಪಾತ್ರೆ, ಯಾವುದರಲ್ಲಿ ರೊಟ್ಟಿ ಹಂಚು, ಯಾವುದರಲ್ಲಿ ಮಕ್ಕಳ ಪುಸ್ತಕ ಎಂದು ನಮೂದಿಸಿದ್ದಳು. ಕಪಾಟಿನ ಕನ್ನಡಿಗೆ ನಮ್ಮ ಅವ್ವ ಹೊಲಿದ ಎರಡು ಕೌದಿಗಳನ್ನು ಸುತ್ತಿ ಹಗ್ಗ ಬಿಗಿದೆವು. ಅದು ಗೀರು ಸಹ ಬೀಳದೆ ತಲುಪಿತು. ಆದರೆ ಸಾಗಿಸುವವರು ಕೊನೆಗೆ ನಮ್ಮ ಕೈಗಿತ್ತ ರಸೀದಿಯಲ್ಲಿ ಇದ್ದದ್ದು ಇಷ್ಟೇ: ‘ಮನೆ ಸಾಮಾನು, ಒಂದು ಲಾಟ್’, ಅಂದರೆ ಎಲ್ಲ ಡಬ್ಬಿಗಳೂ ಸೇರಿ ಒಂದೇ ರಾಶಿ ಎಂಬ ಲೆಕ್ಕ. ದಾಜೀಬಾನಪೇಟೆಯ ಅಂಗಡಿಯಲ್ಲಿ ಇಪ್ಪತ್ತು ವರ್ಷಗಳಿಂದ ಬಿಲ್ಟಿ (ಲಾರಿಯವರ ಸಾಗಣೆ ರಸೀದಿ) ನೋಡಿ, ನಗ (ಬಿಡಿ ಕಟ್ಟು, ಡಬ್ಬಿ) ಎಣಿಸಿ, ಆಮೇಲೆ ಹಮಾಲರಿಗೆ ಮಾಲು ಇಳಿಸಲು ಹೇಳುವ ನಾನು ಸ್ವಂತ ತಂಗಿಯ ಮನೆಯ ಸಾಮಾನಿಗೆ ಅದೇ ರಸೀದಿಯ ಮೇಲೆ ಕಣ್ಣು ಮುಚ್ಚಿ ಸಹಿ ಹಾಕಿದೆ. ನಾಚಿಕೆಯಾದರೂ ಹೇಳಿಕೊಳ್ಳಬೇಕು.

ನಾವು ಜೈಪುರ ತಲುಪಿದ ಮೂರನೆಯ ದಿನ ಲಾರಿಯವರಿಂದ ಫೋನ್ ಬಂತು. ಇ-ವೇ ಬಿಲ್ (ಸರಕು ಸಾಗಣೆಗೆ ಜಿಎಸ್‌ಟಿಯವರು ಕೇಳುವ ಆನ್‌ಲೈನ್ ಚೀಟಿ) ಇಲ್ಲದ ಕಾರಣ ಲಾರಿಯನ್ನು ತಡೆದಿದ್ದಾರೆ, ದಂಡಕ್ಕಾಗಿ ಹದಿನೆಂಟು ಸಾವಿರ ರೂಪಾಯಿ ಈಗಲೇ ಕಳುಹಿಸಬೇಕು, ಇಲ್ಲದಿದ್ದರೆ ಸಾಮಾನನ್ನು ಗೋದಾಮಿನಲ್ಲಿ ಇಳಿಸುತ್ತೇವೆ ಎಂದರು. ಹೊಸ ಊರಿನಲ್ಲಿ ಬರಿ ನೆಲದ ಮೇಲೆ ಮಲಗಿದ್ದ ಮಕ್ಕಳನ್ನು ನೋಡಿ ಅರ್ಧದಷ್ಟು ಹಣ ಕಳುಹಿಸಿದೆವು. ಬಳಸಿದ ಸ್ವಂತ ವಸ್ತುಗಳಿಗೂ ಮನೆಯ ಸಾಮಾನಿಗೂ ಇ-ವೇ ಬಿಲ್ ಬೇಕಾಗಿಯೇ ಇಲ್ಲವೆಂದು ಜಿಎಸ್‌ಟಿ ನಿಯಮ 138ರಲ್ಲಿ ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿರುವುದು ನಮಗೆ ಗೊತ್ತಾದದ್ದು ಆಮೇಲೆ. ನೇರವಾಗಿ ಹೋಗಬೇಕಿದ್ದ ಸಾಮಾನನ್ನು ಇಂದೋರಿನಲ್ಲಿ ಬೇರೆ ಲಾರಿಗೆ ಹಾಕಿದ್ದರು. ಜೈಪುರದಲ್ಲಿ ಇಳಿದದ್ದು ಮೂವತ್ತೆಂಟು ಡಬ್ಬಿ. 17, 18 ಮತ್ತು 29ನೆಯ ಅಂಕಿಯವು ಬರಲಿಲ್ಲ. ಕೇಳಿದರೆ, ‘ಒಂದು ಲಾಟ್ ಕೊಟ್ಟಿದ್ದಿರಿ, ಒಂದು ಲಾಟ್ ತಲುಪಿಸಿದ್ದೇವೆ’ ಎಂಬ ಉತ್ತರ ಸಿಕ್ಕಿತು. ಬಾಡಿಗೆಯ ಜೊತೆಗೆ ವಿಮೆಯೆಂದು ಹಣ ಪಡೆದಿದ್ದರಲ್ಲ, ಆ ಪಾಲಿಸಿಯ ಪ್ರತಿ ಎಲ್ಲಿ ಎಂದಾಗ ಫೋನ್ ಕತ್ತರಿಸಿದರು.

1865ರ ಹಳೆಯ ಕಾಯ್ದೆಯ ಜಾಗದಲ್ಲಿ ಬಂದ 2007ರ ರಸ್ತೆ ಸರಕು ಸಾಗಣೆ ಕಾಯ್ದೆಯು ವ್ಯಾಪಾರದ ಮಾಲಿಗೆ ಮಾತ್ರ ಸಂಬಂಧಿಸಿದ್ದು ಎಂದು ನಾನು ಭಾವಿಸಿದ್ದೆ. ಹಾಗಲ್ಲ. ಬಾಡಿಗೆಗೆ ಎಲ್ಲರ ಸರಕು ಸಾಗಿಸುವವರು ಸಾರಿಗೆ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಕಳುಹಿಸುವವರು ಸರಕಿನ ವಿವರವನ್ನೂ ಬೆಲೆಯನ್ನೂ ಬರೆದು ಕೊಡಬೇಕು. ಸಾಗಿಸುವವರು ರಸೀದಿ ಕೊಡಬೇಕು, ಅದರಲ್ಲಿ ನಮೂದಾದ ನಗಗಳ ಸಂಖ್ಯೆಯೇ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ತಕ್ಕ ಹೆಚ್ಚುವರಿ ದರ ಕೊಡದಿದ್ದರೆ ಪರಿಹಾರವು ಬಾಡಿಗೆಯ ಹತ್ತು ಪಟ್ಟನ್ನು ಮೀರುವುದಿಲ್ಲ. ಸಾಮಾನು ಕಳೆದರೆ, ಬುಕ್ ಮಾಡಿದ ದಿನದಿಂದ 180 ದಿನಗಳ ಒಳಗೆ ಲಿಖಿತ ನೋಟಿಸ್ ಕೊಡದೆ ದಾವೆ ಹೂಡುವಂತಿಲ್ಲ. ಇನ್ನು ಗ್ರಾಹಕ ಆಯೋಗಕ್ಕೆ ಹೋಗುವುದಾದರೆ, 2019ರ ಕಾಯ್ದೆಯ ಪ್ರಕಾರ ದೂರುದಾರರು ಈಗ ವಾಸವಿರುವ ಊರಿನಲ್ಲೇ ದೂರು ಕೊಡಬಹುದಾದ್ದರಿಂದ ತಂಗಿ ಅದಕ್ಕಾಗಿ ಹುಬ್ಬಳ್ಳಿಗೆ ಅಲೆಯಬೇಕಾಗಿಲ್ಲ.

ಅದೇ ಲಾರಿಯಲ್ಲಿ ಪೆಟ್ರೋಲ್ ಬಸಿದು ಕಳುಹಿಸಿದ ಕೆಎ-63 ಸ್ಕೂಟರಿನ ವಿಷಯವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಳ್ಳುವ ವಾಹನಕ್ಕೆ ಅಲ್ಲಿಯ ಹೊಸ ನಂಬರು ಪಡೆಯಬೇಕು, ಅದಕ್ಕೆ ಇಲ್ಲಿಯ ಆರ್‌ಟಿಒ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಊರು ಬಿಡುವ ಮೊದಲೇ ಅರ್ಜಿ ಹಾಕಿದ್ದು ನಾವು ಮಾಡಿದ ಒಂದೇ ಜಾಣತನ.

ಅವಳಿ ನಗರದಲ್ಲಿ ಮನೆ ಸಾಮಾನು ಸಾಗಿಸುವ ಬೋರ್ಡುಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ನೋಂದಣಿ ಇರುವವರು ಯಾರು ಎಂದು ತಿಳಿಯಬೇಕಾದ ಸಾಮಾನ್ಯ ಕುಟುಂಬ ಅವಸರದ ದಿನಗಳಲ್ಲಿ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕು? ನೋಂದಾಯಿತ ಸಾಗಣೆದಾರರ ಪಟ್ಟಿಯನ್ನು ಹುಬ್ಬಳ್ಳಿ ಮತ್ತು ಧಾರವಾಡದ ಆರ್‌ಟಿಒ ಕಚೇರಿಗಳ ಹೊರಗೋಡೆಯ ಮೇಲೆ ಕನ್ನಡದಲ್ಲಿ ಹಾಕಲಿ. ಮನೆ ಸಾಮಾನಿನ ರಸೀದಿಯಲ್ಲೂ ನಗಗಳ ಸಂಖ್ಯೆ, ಘೋಷಿತ ಬೆಲೆ ಮತ್ತು ಸಾಗಣೆದಾರರ ನೋಂದಣಿ ಸಂಖ್ಯೆ ಇರುವುದನ್ನು ಅಧಿಕಾರಿಗಳು ಆಗಾಗ ತಪಾಸಣೆ ಮಾಡಲಿ. ಶಾಲೆಗಳ ಬೇಸಿಗೆ ರಜೆಯೊಂದಿಗೆ ವರ್ಗಾವಣೆಯ ಕಾಲ ಮತ್ತೆ ಬರುತ್ತದೆ. ಇದು ಬರುವ ಏಪ್ರಿಲ್‌ಗೆ ಮುಂಚೆ ಆದರೆ ಉಪಕಾರವಾದೀತು. ನಾವು ತಂಗಿಯ ನೋಟ್‌ಬುಕ್ಕಿನ ಹಾಳೆಗಳ ಪ್ರತಿಯನ್ನು ಲಗತ್ತಿಸಿ 180 ದಿನಗಳ ಒಳಗೇ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳುಹಿಸಿದ್ದೇವೆ. ಅದು ತಲುಪಿದ್ದಕ್ಕೆ ಅಂಚೆಯವರ ದಾಖಲೆಯಿದೆ, ಉತ್ತರ ಮಾತ್ರ ಬಂದಿಲ್ಲ.

ತಮ್ಮ ವಿಶ್ವಾಸಿ,
ಒಬ್ಬ ಓದುಗ,
ವಿದ್ಯಾನಗರ, ಹುಬ್ಬಳ್ಳಿ