ವೀಣೆ ಕಟ್ಟಿಕೊಂಡು ಕ್ಲೀವ್‌ಲ್ಯಾಂಡಿಗೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ, ಅಪ್ಪ,

ಇಬ್ಬರಿಗೂ ನಮಸ್ಕಾರ. ನಾವೆಲ್ಲ ಚೆನ್ನಾಗಿದ್ದೇವೆ. ದಿನಾ ಫೋನ್ ಮಾಡುವವಳು ಈಗ ಯಾಕೆ ಕಾಗದ ಬರೆಯುತ್ತಿದ್ದಾಳೆ ಅಂತ ಗಾಬರಿಯಾಗಬೇಡಿ. ಫೋನಲ್ಲಿ ಹೇಳಿದರೆ ಅಮ್ಮ ಅರ್ಧಕ್ಕೇ "ಅದೆಲ್ಲ ಬೇಡ ಕಣೆ" ಅಂದುಬಿಡುತ್ತಾಳೆ. ಕಾಗದವನ್ನಾದರೆ ಕೊನೇವರೆಗೂ ಓದಲೇಬೇಕು, ಅಲ್ವಾ?

ವಿಷಯ ಇಷ್ಟೇ. ಈ ಸಲ ಒಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ನಡೆಯುವ ತ್ಯಾಗರಾಜ ಆರಾಧನೆಗೆ ಹೋಗುತ್ತಿದ್ದೇವೆ. ಕಾರಲ್ಲಿ.

ಆರಾಧನೆ ಬಗ್ಗೆ ಅಮ್ಮನಿಗೆ ಹೇಳಬೇಕಾಗಿಲ್ಲ. 1978ರಲ್ಲಿ ಶುರುವಾದದ್ದು. ಪ್ರತಿ ವರ್ಷ ಈಸ್ಟರ್ ಆಸುಪಾಸಿನಲ್ಲಿ ಹತ್ತು ಹನ್ನೆರಡು ದಿನ ನಡೆಯುತ್ತದೆ. ನಮ್ಮ ಕಡೆಯ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಬಂದು ಕಚೇರಿ ಮಾಡುತ್ತಾರೆ. ಪುಟ್ಟಿ ಈ ವರ್ಷ ಮಕ್ಕಳ ಸ್ಪರ್ಧೆಯಲ್ಲಿ ವೀಣೆ ನುಡಿಸುತ್ತಾಳೆ. ನಾನು ತ್ಯಾಗರಾಜರ ಐದು ಪಂಚರತ್ನ ಕೃತಿಗಳನ್ನು ಎಲ್ಲ ಸೇರಿ ಹಾಡುವ ಗೋಷ್ಠಿಯಲ್ಲಿ ಕೂರುತ್ತೇನೆ. ನೂರಾರು ಜನ ಒಟ್ಟಿಗೆ ಹಾಡುವಾಗ ನನ್ನ ಅಪಶ್ರುತಿ ಯಾರಿಗೂ ಕೇಳಿಸುವುದಿಲ್ಲ ಅನ್ನೋ ಧೈರ್ಯ.

ಇಲ್ಲಿಂದ ಅಲ್ಲಿಗೆ ಸುಮಾರು 2,500 ಮೈಲಿ. ಅಪ್ಪ ಲೆಕ್ಕ ಹಾಕುವ ಮೊದಲು ನಾನೇ ಹೇಳಿಬಿಡುತ್ತೇನೆ, 4,000 ಕಿಲೋಮೀಟರ್. ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ 44ನೇ ನಂಬರ್ ಹೆದ್ದಾರಿ ಇದೆಯಲ್ಲ, ಹೆಚ್ಚುಕಡಿಮೆ ಅಷ್ಟು ದೂರ. ವಿಮಾನದಲ್ಲಿ ಹೋದರೆ ಒಂದೇ ದಿನದಲ್ಲಿ ಮುಗಿಯುವ ಕೆಲಸ, ನಿಜ. ಆದರೆ ವೀಣೆಯನ್ನು ಇನ್ನೊಂದು ಸಲ ವಿಮಾನದ ಹೊಟ್ಟೆಗೆ ಹಾಕುವ ಧೈರ್ಯ ನನಗಿಲ್ಲ ಅಮ್ಮ. ಎರಡು ವರ್ಷದ ಹಿಂದೆ ಬೆಂಗಳೂರಿಂದ ತರುವಾಗ ಏನಾಯಿತು ಅಂತ ನಿನಗೆ ಪೂರ್ತಿ ಹೇಳಿರಲಿಲ್ಲ. ಬುರುಡೆ ಬಿರುಕು ಬಿಟ್ಟಿದೆ ಅಂತ ಮಾತ್ರ ಹೇಳಿದ್ದೆ. ಅಷ್ಟೇ ಆಗಿದ್ದರೆ ಪರವಾಗಿಲ್ಲ. ಪೆಟ್ಟಿಗೆ ತೆಗೆದು ನೋಡಿದರೆ ಎಲ್ಲೋ ಬಿಸಿಲಲ್ಲಿ ಇಟ್ಟಿದ್ದರು ಅಂತ ಕಾಣುತ್ತದೆ, ಮೇಣ ಕರಗಿ ಅದರಲ್ಲಿ ಕೂರಿಸಿದ ಹಿತ್ತಾಳೆಯ ಮೆಟ್ಟಿಲುಗಳು ಒಂದು ಪಕ್ಕಕ್ಕೆ ಜಾರಿದ್ದವು. ಇಪ್ಪತ್ನಾಲ್ಕರಲ್ಲಿ ಒಂಬತ್ತು. ಷಡ್ಜ ಮೀಟಿದರೆ ಬೇರೇನೋ ಬರುತ್ತಿತ್ತು. ನೀನು ಮೂವತ್ತು ವರ್ಷ ನುಡಿಸಿದ ವೀಣೆ. ನಾನು ಹಾಲ್‌ನ ಮಧ್ಯೆ ಕೂತು ಅತ್ತೆ. ಇವರು ಸುಮ್ನೆ ಕಾಫಿ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತರು.

ವೀಣೆಗೂ ಒಂದು ಸೀಟು ತಗೋಬಹುದಲ್ಲ ಅಂತ ಅಪ್ಪ ಕೇಳುತ್ತಾರೆ. ವಿಚಾರಿಸಿದೆ. ಅದರ ಉದ್ದ ನೋಡಿ ಒಪ್ಪಲಿಲ್ಲ.

ಹಾಗಾಗಿ ನಮ್ಮ ವ್ಯಾನೇ ಗತಿ. ಹಿಂದಿನ ಸೀಟು ಅರ್ಧ ಮಡಿಸಿ, ಹಾಸಿಗೆ ಹಾಕಿ, ಅದರ ಮೇಲೆ ಪೆಟ್ಟಿಗೆ. ಬಿಸಿಲು ಬೀಳದ ಹಾಗೆ ಮೇಲೆ ಬಿಳಿ ದುಪ್ಪಟಿ. ನೆವಾಡದಲ್ಲಿ ಗಾಳಿ ತುಂಬಾ ಒಣ. ಮರ ಸೀಳಬಾರದು ಅಂತ ಸೋಪಿನ ಡಬ್ಬಿಗೆ ತೂತು ಮಾಡಿ, ಒದ್ದೆ ಸ್ಪಂಜು ಹಾಕಿ ಪೆಟ್ಟಿಗೆಯ ಮೂಲೆಯಲ್ಲಿಟ್ಟಿದ್ದೇನೆ. ರಾತ್ರಿ ಎಲ್ಲಿ ತಂಗಿದರೂ ಮೊದಲು ವೀಣೆ ಇಳಿಯಬೇಕು, ಆಮೇಲೆ ಪುಟ್ಟಿ, ಆಮೇಲೆ ನಾವು. ಇದು ಕಾನೂನು.

ದಾರಿ ಸುಲಭ. ಮನೆಯಿಂದ ಹೊರಟು 80ನೇ ನಂಬರ್ ಹೆದ್ದಾರಿ ಹತ್ತಿದರೆ ಮುಗೀತು, ಅದನ್ನೇ ಹಿಡಿದು ಒಹಾಯೊವರೆಗೆ ಹೋಗುವುದು. ನಾಲ್ಕು ದಿನದಲ್ಲಿ ಮುಗಿಸೋಣ ಅಂತ ಇವರು ಹಟ ಮಾಡಿದರು. ನಾನು ಆಗಲ್ಲ ಅಂದೆ. ದಿನಕ್ಕೆ 500 ಮೈಲಿ, ಐದು ದಿನ. ಅದರ ಮೇಲೆ ಒಂದು ದಿನ ಕೈಯಲ್ಲಿಟ್ಟುಕೊಂಡು ಹೊರಡುತ್ತೇವೆ. ಪೂರ್ವಕ್ಕೆ ಹೋಗುತ್ತಾ ಗಡಿಯಾರ ಮೂರು ಸಲ ಒಂದೊಂದು ಗಂಟೆ ಮುಂದಕ್ಕೆ ಹೋಗುತ್ತದೆ. ಆ ಮೂರು ಗಂಟೆಯ ಲೆಕ್ಕವನ್ನು ಇವರು ಮರೆತೇಬಿಟ್ಟಿದ್ದರು.

ಮೊದಲ ದಿನವೇ ಸಿಯೆರಾ ಬೆಟ್ಟ ಹತ್ತಬೇಕು. ಮಾರ್ಚ್ ಕೊನೆಯಲ್ಲೂ ಅಲ್ಲಿ ಹಿಮ ಬೀಳುತ್ತದೆ. ಬಿದ್ದರೆ ಟೈರಿಗೆ ಚೈನ್ ಹಾಕದೆ ಬಿಡುವುದಿಲ್ಲ. ಅದಕ್ಕೆ ಹೋದ ಶನಿವಾರ ಮನೆ ಮುಂದೆ, ಒಳ್ಳೆ ಬಿಸಿಲಲ್ಲಿ, ಇವರ ಚೈನ್ ಹಾಕುವ ಅಭ್ಯಾಸ ನಡೆಯಿತು. ಪುಟ್ಟಿ ಫೋನಲ್ಲಿ ವಿಡಿಯೋ ಹಿಡಿದುಕೊಂಡು "ಅಪ್ಪಾ, ಕೊಕ್ಕೆ ಆ ಕಡೆ" ಅಂತ ನಿರ್ದೇಶನ ಕೊಡುತ್ತಿದ್ದಳು. ಮೊದಲ ಸಲ ಐವತ್ತು ನಿಮಿಷ. ಎರಡನೇ ಸಲ ಇಪ್ಪತ್ತೈದು. ಎದುರು ಮನೆಯವರು ನಾಯಿ ಕರೆದುಕೊಂಡು ಹೋಗುವಾಗ ಒಂದು ಸಲ ನಿಂತು ನೋಡಿದರು, ವಾಪಸ್ ಬರುವಾಗಲೂ ನಿಂತು ನೋಡಿದರು. ಚೈನ್ ಹಾಕಿದ ಮೇಲೆ ಗಂಟೆಗೆ 30 ಮೈಲಿ ದಾಟುವಂತಿಲ್ಲ, ಹಾಗಾಗಿ ಅಮ್ಮ ಅಲ್ಲಿ ಸ್ಪೀಡಿನ ಚಿಂತೆ ಮಾಡಬೇಕಾಗಿಲ್ಲ.

ಟೈರ್ ಪರೀಕ್ಷೆ ಪುಟ್ಟಿಯದ್ದು. ಇಲ್ಲಿನ ಒಂದು ಸೆಂಟಿನ ನಾಣ್ಯವನ್ನು ತಲೆಕೆಳಗಾಗಿ ಟೈರಿನ ಗೆರೆಯೊಳಗೆ ಇಟ್ಟು ನೋಡುವುದು. ಲಿಂಕನ್‌ನ ನೆತ್ತಿ ಪೂರ್ತಿ ಕಂಡರೆ ಟೈರ್ ಸವೆದಿದೆ ಅಂತ ಅರ್ಥ. ನಾಲ್ಕೂ ಟೈರಲ್ಲಿ ತಲೆ ಮುಳುಗಿತು.

ಮೊದಲ ರಾತ್ರಿ ನೆವಾಡದ ಎಲ್ಕೋ. ಮಾರನೇ ದಿನ ಯೂಟಾದ ಉಪ್ಪಿನ ಬಯಲು, ನೋಡಿದಷ್ಟು ದೂರ ಬಿಳೀ ನೆಲ, ರಸ್ತೆ ತಿರುಗುವುದೇ ಇಲ್ಲವಂತೆ. ಇವರು ಅಲ್ಲಿ ನಿದ್ದೆ ಹೋಗದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ನಿಜವಾದ ಚಿಂತೆ ವಯೋಮಿಂಗ್. ಅಲ್ಲಿ ಗಾಳಿ ಎಷ್ಟು ಅಂದರೆ ಲಾರಿಗಳು ಮಗುಚಿಕೊಳ್ಳುತ್ತವೆ. ಹಿಮ, ಗಾಳಿ ಜಾಸ್ತಿಯಾದರೆ ರೈಲ್ವೆ ಗೇಟಿನ ಹಾಗೆ ಹೆದ್ದಾರಿಗೇ ಗೇಟು ಹಾಕಿ ಮುಚ್ಚಿಬಿಡುತ್ತಾರೆ. ಆ ಕೆಟ್ಟ ಭಾಗಕ್ಕೆ ಮುಂಚೆ ರಾಲಿನ್ಸ್ ಅಂತ ಊರಿದೆ. ಎರಡನೇ ರಾತ್ರಿ ಅಲ್ಲೇ ಇರುತ್ತೇವೆ. ಬೆಳಿಗ್ಗೆ ಗೇಟು ತೆರೆದಿದ್ದರೆ ಹೊರಡುವುದು, ಇಲ್ಲದಿದ್ದರೆ ರೂಮಲ್ಲೇ ಕೂತು ಪುಟ್ಟಿಯ ವೀಣೆ ಸಾಧನೆ. ಆ ಒಂದು ದಿನ ಕೈಯಲ್ಲಿಟ್ಟುಕೊಂಡದ್ದು ಇದಕ್ಕೇ.

ಅಲ್ಲಿಂದ ಮುಂದೆ, ಲಾರಮಿ ದಾಟಿದ ಮೇಲೆ, ಈ ಹೆದ್ದಾರಿಯ ಅತಿ ಎತ್ತರದ ಜಾಗ ಬರುತ್ತದೆ. 8,640 ಅಡಿ. ನಮ್ಮ ಊಟಿಯ ದೊಡ್ಡಬೆಟ್ಟದಷ್ಟೇ ಎತ್ತರ! ಆದರೆ ಮಸಿನಗುಡಿ ಕಡೆಯ ಮೂವತ್ತಾರು ತಿರುವಿನ ಥರ ಏನೂ ಇಲ್ಲ. ಅಂಬಾಸಡರ್ ನಿಲ್ಲಿಸಿ ನಿಲ್ಲಿಸಿ ಅಮ್ಮ ನಿಂಬೆಹಣ್ಣು ಮೂಸುತ್ತಿದ್ದದ್ದು ನೆನಪಿದೆಯಾ? ಇಲ್ಲಿ ಬೆಟ್ಟದ ಮೇಲಿದ್ದೇವೆ ಅಂತಲೇ ಗೊತ್ತಾಗುವುದಿಲ್ಲವಂತೆ. ಅಲ್ಲೊಂದು ಲಿಂಕನ್‌ನ ದೊಡ್ಡ ತಲೆ ಇದೆ, ಕಲ್ಲಿನ ಕಂಬದ ಮೇಲೆ. ನಾಣ್ಯದವನನ್ನು ನೋಡಲೇಬೇಕು ಅಂತ ಪುಟ್ಟಿ ಈಗಲೇ ಹೇಳಿಟ್ಟಿದ್ದಾಳೆ.

ಮೂರನೇ ರಾತ್ರಿ ನೆಬ್ರಾಸ್ಕದ ಕಾರ್ನಿ. ನನಗೆ ಇಡೀ ದಾರಿಯಲ್ಲಿ ಜಾಸ್ತಿ ಆಸೆ ಇರುವುದು ಇದರ ಮೇಲೆ. ಸ್ಯಾಂಡ್‌ಹಿಲ್ ಕ್ರೇನ್ ಅಂತ, ನಮ್ಮ ಸಾರಸದ ಜಾತಿಯ ಹಕ್ಕಿ. ಮಾರ್ಚ್‌ನಲ್ಲಿ ಉತ್ತರಕ್ಕೆ ಹೋಗುವಾಗ ಐದು ಲಕ್ಷಕ್ಕೂ ಜಾಸ್ತಿ ಹಕ್ಕಿಗಳು ಅಲ್ಲಿ ಪ್ಲ್ಯಾಟ್ ನದಿ ಹತ್ತಿರ ಇಳಿಯುತ್ತವೆ. ಹಗಲೆಲ್ಲ ಹೊಲದಲ್ಲಿ ಉದುರಿದ ಮೆಕ್ಕೆಜೋಳ ತಿಂದು, ಸಂಜೆ ನದಿಯ ತೆಳು ನೀರಲ್ಲಿ ನಿಂತು ನಿದ್ದೆ ಮಾಡುತ್ತವೆ. ಬೆಳಗಾಗುವ ಹೊತ್ತಿಗೆ ಎಲ್ಲ ಒಟ್ಟಿಗೆ ಎದ್ದು ಹಾರುತ್ತವೆ. ಅಪ್ಪ ನನ್ನನ್ನು ಕತ್ತಲಲ್ಲೇ ಎಬ್ಬಿಸಿ ರಂಗನತಿಟ್ಟಿಗೆ ಸ್ಕೂಟರಲ್ಲಿ ಕರೆದುಕೊಂಡು ಹೋಗುತ್ತಿದ್ದ ಹಾಗೆ ಪುಟ್ಟಿಯನ್ನೂ ಎಬ್ಬಿಸುತ್ತೇನೆ. ಬೈದುಕೊಳ್ಳುತ್ತಾಳೆ. ನಾನೂ ಬೈದುಕೊಂಡಿದ್ದೆ.

ಆಮೇಲಿನ ಎರಡು ದಿನದ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಜೋಳದ ಹೊಲ, ಮಿಸಿಸಿಪ್ಪಿ ನದಿ, ಶಿಕಾಗೋ ಪಕ್ಕದ ಟ್ರಾಫಿಕ್. ಇಲ್ಲಿಯ ಟೋಲ್ ಯಂತ್ರ ಆ ಕಡೆ ನಡೆಯುವುದಿಲ್ಲ, ಬೇರೆ ತರಿಸಿದ್ದಾಯಿತು. ಊಟಕ್ಕೆ ಚಿಕ್ಕ ರೈಸ್ ಕುಕ್ಕರ್, ನೀನು ಕಳಿಸಿದ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ. ಪುಟ್ಟಿಯ ಸ್ಕೂಲಿಗೆ ಹೇಳಿದ್ದೇವೆ.

ಕಾರಲ್ಲಿ ಏನು ಕೇಳುವುದು ಅನ್ನೋದಕ್ಕೇ ಒಂದು ವಾರ ಜಗಳ ಆಯಿತು. ಡ್ರೈವ್ ಮಾಡುವವರು ಹೇಳಿದ ಹಾಡು ಅಂತ ಕೊನೆಗೆ ಒಪ್ಪಂದ. ನಾನು ಸ್ಟೀರಿಂಗ್ ಹಿಡಿದಾಗ ಪಂಚರತ್ನ, ಇವರು ಹಿಡಿದಾಗ ಇವರ ಹಳೇ ಸಿನಿಮಾ ಹಾಡು. ಅದಕ್ಕೇ ಈ ಸಲ ನಾನೇ ಜಾಸ್ತಿ ಡ್ರೈವ್ ಮಾಡುತ್ತೇನೆ ಅಂದಿದ್ದೇನೆ. ಇವರಿಗೆ ಅನುಮಾನ ಬಂದಿದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ ಅಮ್ಮ. ಪಂಚರತ್ನದ ಐದು ರಾಗಗಳಲ್ಲಿ ನಾಟ, ಗೌಳ, ಆರಭಿ, ಶ್ರೀ, ನಾಲ್ಕನ್ನೂ ನೀನು ಎದುರಿಗೆ ಕೂರಿಸಿ ಕಲಿಸಿದೆ. ವರಾಳಿ ಮಾತ್ರ ಕಲಿಸಲಿಲ್ಲ. "ವರಾಳಿ ಹೇಳಿಕೊಟ್ಟರೆ ಗುರು ಶಿಷ್ಯರಿಗೆ ಮನಸ್ತಾಪ ಆಗುತ್ತೆ, ಕೇಳಿ ಕಲಿತುಕೋ" ಅಂದೆ. ನಮ್ಮಿಬ್ಬರಿಗೆ ಮನಸ್ತಾಪ ಆಗೋಕೆ ವರಾಳಿ ಬೇಕಿತ್ತಾ? ನಾನು ಕೇಳಿಯೂ ಕಲಿಯಲಿಲ್ಲ. ಇಷ್ಟು ವರ್ಷ ಗೋಷ್ಠಿಯಲ್ಲಿ ನಾಲ್ಕನೆಯದಾಗಿ ವರಾಳಿ ಬಂದಾಗ ಬಾಯಿ ಮಾತ್ರ ಆಡಿಸಿಕೊಂಡು ಕೂತಿದ್ದೇನೆ. ರೆಕಾರ್ಡಿಂಗ್ ಕೇಳಿ ಪ್ರಯತ್ನ ಮಾಡುತ್ತಿದ್ದೇನೆ. ಸಾಹಿತ್ಯ ಬರುತ್ತಿದೆ, ಆದರೆ ಆ ಮಧ್ಯಮ ಸ್ವರ ಸಿಗುತ್ತಿಲ್ಲ. ಪಂಚಮಕ್ಕೆ ಇನ್ನೇನು ತಾಗಿಬಿಡುತ್ತೆ ಅನ್ನೋ ಹಾಗೆ ನೀನು ಹಿಡಿಯುತ್ತಿದ್ದೆಯಲ್ಲ, ಅದು. ನಾನು ಹಾಡಿದರೆ ಕೆಳಗೇ ಉಳಿಯುತ್ತೆ.

ನೀನು ಕಲಿಸಬೇಡ. ಬೆಳಿಗ್ಗೆ ತರಕಾರಿ ಹೆಚ್ಚುವಾಗ ನಿನ್ನ ಪಾಡಿಗೆ ನೀನು ಹಾಡಿಕೋ. ಅಪ್ಪ, ನೀವು ಫೋನನ್ನು ಡಬ್ಬಿಯ ಹಿಂದೆ ಇಟ್ಟು ರೆಕಾರ್ಡ್ ಮಾಡಿ ಕಳಿಸಿ. ಕುಕ್ಕರ್ ಕೂಗಿದರೂ ಪರವಾಗಿಲ್ಲ, ಹಾಗೇ ಕಳಿಸಿ. ಮಾರ್ಚ್ ಇಪ್ಪತ್ತರ ಒಳಗೆ ಬಂದರೆ ಸಾಕು. ನೆವಾಡದಲ್ಲಿ ಕೆಲವು ಕಡೆ ಫೋನ್ ಸಿಗ್ನಲ್ ಇರುವುದಿಲ್ಲವಂತೆ, ಮೊದಲೇ ಇಳಿಸಿಕೊಂಡಿರಬೇಕು.

ನಿಮ್ಮ ಮಗಳು

ಮರೆತಿದ್ದೆ: ದಿನಾ ರಾತ್ರಿ ತಂಗಿದ ಊರಿಂದ ಮೆಸೇಜ್ ಹಾಕುತ್ತೇನೆ. ನಿಮಗೆ ಆಗ ಮಾರನೇ ಬೆಳಿಗ್ಗೆ. ಹನ್ನೊಂದು ಗಂಟೆಯವರೆಗೆ ಬರದಿದ್ದರೆ ಫೋನ್ ಮಾಡಿ, ಅದಕ್ಕೆ ಮುಂಚೆ ಬೇಡ.